ಪದ್ಮಿನಿಯ ಸ್ಟೇರಿಂಗ್ ಲಿಂಕೇಜ್: ಎರಡು ಕಡೆಯಿಂದ ತಂದ ಬಿಡಿಭಾಗಗಳನ್ನು ಒಂದೇ ಗಾಡಿಗೆ ಬೆರೆಸಿ ಹಾಕಬಹುದೇ?

ದುರ್ಗದ_ಪದ್ಮಿನಿ (ಚಿತ್ರದುರ್ಗ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ತಂದೆಯವರು ಕೊಂಡಿದ್ದ 1986ರ ಪ್ರೀಮಿಯರ್ ಪದ್ಮಿನಿ ಇದೆ. ಊರೊಳಗೆ ಹೊಳಲ್ಕೆರೆ ರಸ್ತೆ, ಬಿ.ಡಿ. ರಸ್ತೆ ಎಂದು ಓಡಾಡುವಾಗ ಯಾವ ತೊಂದರೆಯೂ ಕಾಣುವುದಿಲ್ಲ. ಆದರೆ ದಾವಣಗೆರೆಗೆ ಹೊರಟು ಹೆದ್ದಾರಿಯಲ್ಲಿ ಭರಮಸಾಗರ ದಾಟಿದ ಮೇಲೆ, ಅರವತ್ತರ ವೇಗದಲ್ಲಿ ಪಕ್ಕದಿಂದ ಒಂದು ಲಾರಿ ಹಾದುಹೋದರೆ ಸಾಕು, ಗಾಡಿ ಒಂದು ಕ್ಷಣ ತನ್ನಷ್ಟಕ್ಕೆ ತಾನೇ ಎಡಕ್ಕೆ ಸರಿದು, ನಾನು ಸ್ಟೇರಿಂಗ್ ತಿರುಗಿಸಿದ ಮೇಲೆ ಸ್ವಲ್ಪ ತಡವಾಗಿ ಮಾತು ಕೇಳುತ್ತದೆ. ಹದಿನೈದು ವರ್ಷ ದಾಟಿದ ಗಾಡಿಯಾದ್ದರಿಂದ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಆ ತಪಾಸಣೆ ಮುಂದಿನ ತಿಂಗಳು ಬರಲಿದೆ. ಅದಕ್ಕೆ ಮುಂಚೆ ಸ್ಟೇರಿಂಗ್ ಲಿಂಕೇಜನ್ನು, ಅಂದರೆ ಸ್ಟೇರಿಂಗಿನಿಂದ ಚಕ್ರಗಳವರೆಗಿನ ರಾಡುಗಳ ಜೋಡಣೆಯನ್ನು, ಪೂರ್ತಿ ಸರಿಪಡಿಸಬೇಕೆಂದುಕೊಂಡಿದ್ದೇನೆ.

ಗಾಡಿಯ ನಾಲ್ಕೂ ಚಕ್ರ ನೆಲದ ಮೇಲೆ ಇರುವಾಗಲೇ ತಮ್ಮನಿಂದ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಆಡಿಸಲು ಹೇಳಿ, ಕೆಳಗೆ ಮಲಗಿ ಒಂದೊಂದೇ ಬಾಲ್ ಜಾಯಿಂಟಿನ ಮೇಲೆ ಬೆರಳಿಟ್ಟು ನೋಡಿದೆ. ನಡುವಿನ ಉದ್ದ ರಾಡಿನ ಎರಡು ಜಾಯಿಂಟ್ ಗಟ್ಟಿಯಾಗಿವೆ. ಎರಡು ಬದಿಯ ರಾಡುಗಳ ತುದಿಯ ಜಾಯಿಂಟುಗಳಾದ ನಾಲ್ಕೂ ಎಂಡ್‌ಗಳಲ್ಲಿ, ರಾಡು ಚಲಿಸುವ ಮೊದಲು ‘ಟಿಕ್’ ಎಂದು ಬೆರಳಿಗೆ ತಿಳಿಯುವಷ್ಟು ಪ್ಲೇ (ಸಡಿಲ ಆಟ) ಇದೆ. ನಡುವಿನ ರಾಡಿನ ಇನ್ನೊಂದು ತುದಿಯನ್ನು ಹೊರುವ ಐಡ್ಲರ್ ಆರ್ಮ್ ಕೂಡ ಮೇಲೆ ಕೆಳಗೆ ಅಲುಗಾಡುತ್ತದೆ.

ಸಮಸ್ಯೆ ಇರುವುದು ಸಾಮಾನು ಸಿಗುವುದರಲ್ಲಿ. ದಾವಣಗೆರೆಯ ಹಳೆಯ ಅಂಗಡಿಯೊಂದರಲ್ಲಿ ಬಲಬದಿಯ ಒಂದು ರಾಡಿಗೆ ಬೇಕಾದ ಜೋಡಿ ಎಂಡ್‌ಗಳು ಮಾತ್ರ ಇದ್ದವು. ಅವು ಹಳೆಯ ದಾಸ್ತಾನು, ಡಬ್ಬಿಯ ಬಣ್ಣವೇ ಮಾಸಿಹೋಗಿದೆ. ಎಡಬದಿಯ ಜೋಡಿಯನ್ನೂ ಒಂದು ಐಡ್ಲರ್ ಸೆಟ್ಟನ್ನೂ ಮುಂಬಯಿಯಿಂದ ಕೊರಿಯರ್ ಮೂಲಕ ತರಿಸಿದೆ. ಅವು ಹೊಸದಾಗಿ ತಯಾರಾದ ಬೇರೆಯವರ ಮಾಲು. ಇದಲ್ಲದೆ ಇಟಲಿಯ ಮಾರಾಟಗಾರರೊಬ್ಬರು ಪದ್ಮಿನಿಯ ಮೂಲವಾದ ಫಿಯಟ್ 1100ರ ಐಡ್ಲರ್ ಕೊಡುತ್ತೇವೆ ಎನ್ನುತ್ತಿದ್ದಾರೆ. ಎರಡು ಬದಿಗೆ ಎರಡು ಕಂಪನಿಯ ಎಂಡ್‌ಗಳನ್ನು ಹಾಕಿದರೆ ತಪ್ಪೇ? ನಮ್ಮ ಮೇಸ್ತ್ರಿ, ‘ಕೂತರೆ ಕೂತ ಹಾಗೆ, ನಟ್ ಬಿಗಿಯಾದರೆ ಮುಗಿಯಿತು’ ಎನ್ನುತ್ತಾರೆ. ಅವರ ಕೈಗುಣದ ಮೇಲೆ ನನಗೆ ನಂಬಿಕೆ ಇದೆಯಾದರೂ ಈ ಮಾತು ಮಾತ್ರ ಗಂಟಲಲ್ಲಿ ಇಳಿಯುತ್ತಿಲ್ಲ.

ಲೇತ್_ಮನೆ (ದಾವಣಗೆರೆ) ಉತ್ತರ:

ನಿಮ್ಮ ಮೇಸ್ತ್ರಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕೂತರೆ ಕೂತ ಹಾಗೆಯೇ. ಆದರೆ ನಟ್ ಬಿಗಿಯಾಯಿತು ಎಂಬುದು ಕೂತದ್ದಕ್ಕೆ ಸಾಕ್ಷಿಯಲ್ಲ. ನಾನು ಹರಿಹರದಲ್ಲಿ ತಯಾರಾದ ಹಳೆಯ ಕಿರ್ಲೋಸ್ಕರ್ ಲೇತಿನ ಮುಂದೆ ನಿಂತು ಹೊಟ್ಟೆ ಹೊರೆಯುವವನು. ಟ್ರ್ಯಾಕ್ಟರು, ಜೀಪು, ಹಳೆಯ ಫಿಯಟ್ಟುಗಳ ಸ್ಟೇರಿಂಗ್ ಆರ್ಮುಗಳು ಕಣ್ಣು (ಎಂಡು ಕೂರುವ ತೂತು) ಮೊಟ್ಟೆಯಾಕಾರಕ್ಕೆ ತಿರುಗಿದ ಮೇಲೆ ನನ್ನ ಬಳಿ ಬರುತ್ತವೆ. ಅವುಗಳಲ್ಲಿ ಬಹುಪಾಲು ಹಾಳಾಗಿರುವುದು ಸವೆತದಿಂದಲ್ಲ, ಹೊಂದದ ಟೇಪರಿನಿಂದ.

ಬಾಲ್ ಜಾಯಿಂಟಿನ ಕಾಲು ನೇರವಾದ ಬೋಲ್ಟ್ ಅಲ್ಲ, ಕೆಳಗೆ ಹೋದಂತೆ ಸಪೂರವಾಗುವ ಟೇಪರು. ಆರ್ಮಿನ ತೂತೂ ಅದೇ ಟೇಪರಿನಲ್ಲಿ ಕೊರೆದಿರುತ್ತದೆ. ಭಾರವನ್ನು ಹೊರುವುದು ಈ ಎರಡು ಮೈಗಳ ನಡುವಿನ ಹಿಡಿತ. ನಟ್ಟಿನ ಕೆಲಸ ಆ ಹಿಡಿತವನ್ನು ಎಳೆದು ಕೂರಿಸುವುದಷ್ಟೇ. ಪೇಟೆಯಲ್ಲಿ ಹೆಚ್ಚಾಗಿ ಸಿಗುವ ಟೇಪರುಗಳು ಎರಡು: ಹತ್ತಕ್ಕೆ ಒಂದು (ಹತ್ತು ಮಿಲಿಮೀಟರ್ ಉದ್ದಕ್ಕೆ ದಪ್ಪ ಒಂದು ಮಿಲಿಮೀಟರ್ ಇಳಿಯುವುದು) ಮತ್ತು ಎಂಟಕ್ಕೆ ಒಂದು. ಕೋನದಲ್ಲಿ ಹೇಳುವುದಾದರೆ ಮೊದಲನೆಯದು ಸುಮಾರು 5.7 ಡಿಗ್ರಿ, ಎರಡನೆಯದು ಸುಮಾರು 7.15 ಡಿಗ್ರಿ. ಪಕ್ಕಪಕ್ಕ ಇಟ್ಟು ನೋಡಿದರೂ ಕಣ್ಣಿಗೆ ವ್ಯತ್ಯಾಸ ಹೊಳೆಯುವುದಿಲ್ಲ. ಆದರೆ ಎಂಟರ ಕಾಲನ್ನು ಹತ್ತರ ತೂತಿಗೆ ಹಾಕಿದರೆ ಅದು ದಪ್ಪ ತುದಿಯಲ್ಲಿ ಒಂದು ಬಳೆಯಷ್ಟು ಜಾಗದಲ್ಲಿ ಮಾತ್ರ ತಾಗುತ್ತದೆ, ಕೆಳಭಾಗ ಗಾಳಿಯಲ್ಲಿರುತ್ತದೆ. ಹತ್ತರ ಕಾಲನ್ನು ಎಂಟರ ತೂತಿಗೆ ಹಾಕಿದರೆ ಸಪೂರ ತುದಿ ಹಿಡಿದು ಮೇಲ್ಭಾಗ ಸಡಿಲ. ಎರಡರಲ್ಲೂ ನಟ್ ಬಿಗಿಯುತ್ತದೆ, ಪಾನಾ ‘ಕಿರ್’ ಎನ್ನುತ್ತದೆ, ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾನೆ. ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಕಾಲು ತೂತಿನೊಳಗೆ ತೂಗಾಡಲು ಆರಂಭಿಸಿ, ತೂತನ್ನೂ ತಿಂದು, ಕೊನೆಗೆ ಥ್ರೆಡ್ ಶುರುವಾಗುವ ಕಡೆ ತಾನೂ ಮುರಿಯಬಹುದು.

ಪರೀಕ್ಷೆ ಕಷ್ಟವಲ್ಲ. ಕಾಲಿನ ಮೇಲೆ ಹದಿನೈದು ಮಿಲಿಮೀಟರ್ ಅಂತರದಲ್ಲಿ ಎರಡು ಗೆರೆ ಎಳೆದು, ಎರಡೂ ಕಡೆ ವರ್ನಿಯರಿನಿಂದ ದಪ್ಪ ಅಳೆಯಿರಿ. ವ್ಯತ್ಯಾಸ 1.5 ಮಿಲಿಮೀಟರ್ ಬಂದರೆ ಹತ್ತಕ್ಕೆ ಒಂದು, 1.9ರ ಹತ್ತಿರ ಬಂದರೆ ಎಂಟಕ್ಕೆ ಒಂದು. ವರ್ನಿಯರಿನ ಬಾಯಿ ಟೇಪರಿನ ಮೇಲೆ ಜಾರುವುದರಿಂದ ಒಂದೇ ಅಳತೆಯನ್ನು ನಂಬದೆ ಮೂರ್ನಾಲ್ಕು ಬಾರಿ ನೋಡಬೇಕು. ಆಮೇಲೆ ಆರ್ಮಿನ ತೂತನ್ನು ಪೆಟ್ರೋಲಿನಲ್ಲಿ ಒರೆಸಿ, ಕಾಲಿನ ಉದ್ದಕ್ಕೂ ಪ್ರಷ್ಯನ್ ಬ್ಲೂ ಬಣ್ಣ ತೆಳ್ಳಗೆ ಸವರಿ, ಕೈಯಿಂದ ಒತ್ತಿ ಸುತ್ತಿನ ಕಾಲು ಭಾಗದಷ್ಟು ತಿರುಗಿಸಿ ಹೊರತೆಗೆಯಿರಿ. ಬ್ಲೂ ಇಲ್ಲದಿದ್ದರೆ ಮಕ್ಕಳ ಮಾರ್ಕರ್ ಪೆನ್ನಿನ ನಾಲ್ಕು ಉದ್ದ ಗೆರೆಗಳೂ ಸಾಕು. ಬಣ್ಣ ಮುಕ್ಕಾಲು ಪಾಲಿಗಿಂತ ಹೆಚ್ಚು ಕಡೆ ಅಳಿಸಿದ್ದರೆ ಆ ಜೋಡಿ ಹೊಂದಿದೆ. ಒಂದು ತುದಿಯಲ್ಲಿ ಮಾತ್ರ ಅಳಿಸಿದ್ದರೆ ಅದು ಎಷ್ಟೇ ಹೊಳೆಯುವ ಮಾಲಾದರೂ ಹಿಂದಿರುಗಿಸಿ. ‘ತೂತನ್ನು ಸ್ವಲ್ಪ ರೀಮ್ ಮಾಡಿಕೊಡಿ, ಕೂರುತ್ತದೆ’ ಎಂದು ನನ್ನ ಬಳಿಗೇ ಬರುವವರಿದ್ದಾರೆ. ನಾನು ಮಾಡುವುದಿಲ್ಲ. ಒಮ್ಮೆ ತೆಗೆದ ಕಬ್ಬಿಣ ಮರಳಿ ಬರುವುದಿಲ್ಲ, ಫೋರ್ಜ್ ಮಾಡಿದ ಆರ್ಮಿಗೆ ವೆಲ್ಡಿಂಗ್ ಹಚ್ಚುವುದಂತೂ ಬೇಡವೇ ಬೇಡ.

ಥ್ರೆಡ್ಡಿನ ವಿಷಯದಲ್ಲೂ ಒಂದು ಮೋಸವಿದೆ. ಪದ್ಮಿನಿಯ ಮೂಲ ಇಟಲಿ, ಆದ್ದರಿಂದ ಅದರದು ಮಿಲಿಮೀಟರ್ ಲೆಕ್ಕ. ಅಂಬಾಸಿಡರ್ ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್, ಅದರದು ಇಂಚಿನ ಲೆಕ್ಕ. ಅಂಗಡಿಯ ಒಂದೇ ಡ್ರಾಯರಿನಲ್ಲಿ ಎರಡೂ ಬಿದ್ದಿರುತ್ತವೆ. 14 ಮಿಲಿಮೀಟರಿನ, 1.5 ಪಿಚ್ಚಿನ (ಎಳೆಯಿಂದ ಎಳೆಗೆ ಇರುವ ಅಂತರ) ಬೋಲ್ಟನ್ನೂ 9/16 ಇಂಚಿನ, ಇಂಚಿಗೆ 18 ಎಳೆಯ ಬೋಲ್ಟನ್ನೂ ಹೋಲಿಸಿ ನೋಡಿ: ಎರಡನೆಯದರ ದಪ್ಪ 14.29 ಮಿಲಿಮೀಟರ್, ಪಿಚ್ 1.41. ಇಂಚಿನ ನಟ್ಟು ಮಿಲಿಮೀಟರ್ ಕಾಲಿನ ಮೇಲೆ ಕೆಲವು ಸುತ್ತು ಸಡಿಲವಾಗಿ ಹತ್ತಿ ಆಮೇಲೆ ಬಿಗಿಯುತ್ತದೆ, ಆ ಬಿಗಿ ಎಳೆಗಳು ಒಂದನ್ನೊಂದು ತಿನ್ನುವ ಬಿಗಿ. ಎಂಡಿನ ಜೊತೆ ಬಂದ ನಟ್ಟನ್ನೇ ಬಳಸಿ. ಸ್ಪ್ಲಿಟ್ ಪಿನ್ನಿನ ತೂತು ನಟ್ಟಿನ ಸೀಳಿಗೆ ಸರಿಯಾಗಿ ಬರದಿದ್ದರೆ ಮುಂದಿನ ಸೀಳಿನವರೆಗೆ ಬಿಗಿಯಬೇಕು, ಹಿಂದಕ್ಕೆ ಸಡಿಲಿಸಬಾರದು.

ಎರಡು ಅಂಗಡಿಯ ಮಾಲನ್ನು ಬೆರೆಸಬಹುದೇ ಎಂದರೆ, ಪ್ರತಿಯೊಂದು ಕಾಲೂ ತನ್ನ ತೂತಿನಲ್ಲಿ ಬಣ್ಣದ ಪರೀಕ್ಷೆಯಲ್ಲಿ ಪಾಸಾದರೆ ಬೆರೆಸಬಹುದು. ಡಬ್ಬಿಯ ಮೇಲಿನ ಹೆಸರಿಗೆ ಇಲ್ಲಿ ಬೆಲೆ ಇಲ್ಲ.

ಅಂಬಾಸಿಡರ್_ಹಳಬ (ಚಳ್ಳಕೆರೆ) ಉತ್ತರ:

ಲೇತ್ ಮನೆಯವರು ಸುಮ್ಮನೆ ಹೆದರಿಸುತ್ತಿದ್ದಾರೆ ಎಂದು ನನ್ನ ಅನಿಸಿಕೆ. ನಾನು ಇಪ್ಪತ್ತೆರಡು ವರ್ಷ ಬಾಡಿಗೆಗೆ ಅಂಬಾಸಿಡರ್ ಓಡಿಸಿದವನು. ಟೈ ರಾಡ್ ಎಂಡ್ ಹೋದಾಗ ಯಾವ ಊರಿನಲ್ಲಿದ್ದೆನೋ ಆ ಊರಿನ ಅಂಗಡಿಯಲ್ಲಿ ಏನು ಸಿಕ್ಕಿತೋ ಅದನ್ನೇ ಹಾಕಿಸಿಕೊಂಡು ಮುಂದೆ ಹೋಗಿದ್ದೇನೆ. ಬಲಕ್ಕೊಂದು ಎಡಕ್ಕೊಂದು ಕಂಪನಿ ಎಂದು ಯಾವತ್ತೂ ನೋಡಿದವನಲ್ಲ, ಒಮ್ಮೆಯೂ ಕೈಕೊಟ್ಟಿಲ್ಲ. ಬಾಡಿಗೆಯವನು ಬಣ್ಣ ಸವರಿ ಕೂತಿದ್ದರೆ ಸಂಜೆಯ ಊಟಕ್ಕೆ ಏನು ಮಾಡಬೇಕಿತ್ತು?

ಲೇತ್_ಮನೆ ಉತ್ತರ:

ನಿಮ್ಮ ಅನುಭವವನ್ನು ಅಲ್ಲಗಳೆಯುತ್ತಿಲ್ಲ, ಯಜಮಾನರೇ. ಆದರೆ ನಿಮ್ಮ ಗಾಡಿಯದು ರ‍್ಯಾಕ್ ಸ್ಟೇರಿಂಗ್ (ಹಲ್ಲಿನ ದಂಡವೇ ಚಕ್ರಗಳನ್ನು ತಳ್ಳುವಂಥದ್ದು), ಅಲ್ಲಿ ಹೊರಗೆ ಇರುವುದು ಎರಡೇ ಎಂಡು. ಅದೂ ಅಲ್ಲದೆ ಅಂಬಾಸಿಡರ್ 2014ರವರೆಗೂ ತಯಾರಾಗುತ್ತಿತ್ತು. ನೀವು ಬಾಡಿಗೆ ಓಡಿಸುತ್ತಿದ್ದಾಗ ಪೇಟೆಯ ತುಂಬ ಅದೇ ಗಾಡಿಯ ಸಾಮಾನು ಬಿಸಿಬಿಸಿಯಾಗಿ ಹರಿದಾಡುತ್ತಿತ್ತು, ಹೊಂದದ ಮಾಲು ತಂದಿಟ್ಟ ಅಂಗಡಿಯವನಿಗೆ ಮರುದಿನವೇ ಗಿರಾಕಿಗಳು ಪಾಠ ಕಲಿಸುತ್ತಿದ್ದರು. ಪದ್ಮಿನಿಯದು ಹಾಗಲ್ಲ. ಮುಂಬಯಿಯ ಕುರ್ಲಾದ ಕಾರ್ಖಾನೆಯಲ್ಲಿ ಅದರ ತಯಾರಿಕೆ ನಿಂತು ಎರಡು ದಶಕ ದಾಟಿತು. ಆಮೇಲೂ ಬಿಡಿಭಾಗದ ಪೇಟೆಯನ್ನು ಜೀವಂತ ಇಟ್ಟಿದ್ದವು ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳು, 2023ರ ಅಕ್ಟೋಬರ್ ಕೊನೆಗೆ ಅವೂ ರಸ್ತೆ ಬಿಟ್ಟವು. ಈಗ ಬರುತ್ತಿರುವುದು ಉಳಿದ ಹಳೆಯ ದಾಸ್ತಾನು, ಇಲ್ಲವೇ ಸಣ್ಣ ಲೆಕ್ಕದಲ್ಲಿ ಮಾಡಿಸಿದ ಹೊಸ ಮಾಲು. ಅಳೆಯದೆ ಹಾಕುವ ಕಾಲ ಈ ಗಾಡಿಯ ಮಟ್ಟಿಗೆ ಮುಗಿಯಿತು.

ಹರಿಹರದ_ಫಿಟ್ಟರ್ ಉತ್ತರ:

ಟೇಪರಿನ ಬಗ್ಗೆ ಲೇತ್ ಮನೆಯವರು ಹೇಳಿದ್ದಕ್ಕೆ ಸೇರಿಸುವಂಥದ್ದು ನನ್ನಲ್ಲಿಲ್ಲ. ಆದರೆ ಹೊಂದಿ ಕೂತ ಎಂಡೂ ಗಾಡಿಯನ್ನು ಕೆಡಿಸಬಹುದು. ಪದ್ಮಿನಿಯಲ್ಲಿ ಮೂರು ರಾಡು, ಆರು ಜಾಯಿಂಟು. ಸ್ಟೇರಿಂಗ್ ಬಾಕ್ಸಿನ ಡ್ರಾಪ್ ಆರ್ಮ್ ಒಂದು ಕಡೆ, ಐಡ್ಲರ್ ಇನ್ನೊಂದು ಕಡೆ, ಇವೆರಡನ್ನು ನಡುವಿನ ರಾಡು ಕೂಡಿಸುತ್ತದೆ. ಚಕ್ರಗಳಿಗೆ ಹೋಗುವ ಬದಿಯ ರಾಡುಗಳು ಎರಡು. ಮುಂದಿನ ಚಕ್ರ ಗುಂಡಿಯಲ್ಲಿ ಇಳಿದು ಏರುವಾಗ ಬದಿಯ ರಾಡೂ ಚಕ್ರವನ್ನು ಹಿಡಿದ ವಿಶ್‌ಬೋನೂ ಹೆಚ್ಚುಕಡಿಮೆ ಒಂದೇ ಲಯದಲ್ಲಿ ತೂಗಬೇಕು. ರಾಡಿನ ಒಂದು ತುದಿ ಎರಡು ಮೂರು ಮಿಲಿಮೀಟರ್ ಮೇಲಕ್ಕೋ ಕೆಳಕ್ಕೋ ಹೋದರೆ ಆ ಲಯ ತಪ್ಪಿ, ಚಕ್ರ ಹಾರಿದಾಗಲೆಲ್ಲ ಯಾರೂ ತಿರುಗಿಸದೆಯೇ ಅಷ್ಟಿಷ್ಟು ತಿರುಗುತ್ತದೆ.

ಆದ್ದರಿಂದ ಎಂಡುಗಳನ್ನು ಹೋಲಿಸುವಾಗ ಥ್ರೆಡ್ ಇರುವ ದಂಡದ ಉದ್ದ ನೋಡಿ ಗಾಬರಿಯಾಗಬೇಡಿ. ಅದನ್ನು ಎರಡು ಎಂಡುಗಳನ್ನು ಕೂಡಿಸುವ ಸ್ಲೀವ್ ತಿರುಗಿಸಿ ಸರಿದೂಗಿಸಬಹುದು, ಸ್ಲೀವಿನೊಳಗೆ ಎರಡೂ ಕಡೆ ಸಾಕಷ್ಟು ಎಳೆ ಹಿಡಿದಿದ್ದರೆ ಸಾಕು. ನೋಡಬೇಕಾದದ್ದು ಬಾಲಿನ ನಡುಬಿಂದು ಆರ್ಮಿನ ಮೇಲ್ಮೈಯಿಂದ ಎಷ್ಟು ಎತ್ತರದಲ್ಲಿ ನಿಲ್ಲುತ್ತದೆ ಎಂಬುದನ್ನು. ಕಾಲಿನ ದಪ್ಪ ತುಸು ಹೆಚ್ಚಿದ್ದರೆ ಅದೇ ಟೇಪರಿನಲ್ಲೂ ಎಂಡು ಮೇಲೆ ನಿಲ್ಲುತ್ತದೆ. ತುಸು ಕಡಿಮೆಯಿದ್ದರೆ ಕೆಳಗಿಳಿದು ರಬ್ಬರ್ ಬೂಟು ಆರ್ಮಿಗೆ ಒತ್ತಿ ಹರಿಯುತ್ತದೆ. ಬೂಟು ಹರಿದ ಜಾಯಿಂಟು ನಮ್ಮ ಕಡೆಯ ಕೆಂಧೂಳಿನಲ್ಲಿ ಒಂದು ಬೇಸಿಗೆ ಬಾಳಿದರೆ ಹೆಚ್ಚು. ಹತ್ತಕ್ಕೆ ಒಂದರ ಟೇಪರಿನಲ್ಲಿ ದಪ್ಪದ 0.2 ಮಿಲಿಮೀಟರ್ ವ್ಯತ್ಯಾಸ ಎತ್ತರದಲ್ಲಿ 2 ಮಿಲಿಮೀಟರ್ ಆಗುತ್ತದೆ ಎಂಬುದನ್ನು ನೆನಪಿಡಿ. ಎರಡು ಬದಿಗೆ ಎರಡು ಎತ್ತರ ಬಂದರೆ ಗುಂಡಿ ಹಾರಿದಾಗ ಗಾಡಿ ಒಂದೇ ಕಡೆಗೆ ಎಳೆಯುತ್ತದೆ. ಹೀಗಾಗಿ ಬೆರೆಸುವುದೇ ಆದರೆ ಒಳಗಿನ ಎರಡು ಜಾಯಿಂಟು ಒಂದು ಕಂಪನಿಯದು, ಹೊರಗಿನ ಎರಡು ಇನ್ನೊಂದು ಕಂಪನಿಯದು ಎಂದು ಜೋಡಿಯಾಗಿ ಬೆರೆಸುವುದು ಲೇಸು. ಆದರೆ ಒಂದು ರಾಡಿನ ಒಂದು ತುದಿ ಎಡ ಥ್ರೆಡ್ಡು, ಇನ್ನೊಂದು ಬಲ ಥ್ರೆಡ್ಡು ಇರುವುದರಿಂದ ನಿಮ್ಮಲ್ಲಿರುವ ಜೋಡಿಗಳಲ್ಲಿ ಅದು ಸಾಧ್ಯವಾಗುತ್ತದೋ ಇಲ್ಲವೋ ಎಂಬುದನ್ನು ಮೇಜಿನ ಮೇಲೆ ಜೋಡಿಸಿಕೊಂಡು ನೋಡಿ.

ಇಟಲಿಯ ಐಡ್ಲರಿಗೆ ದುಡ್ಡು ಕಳಿಸುವ ಮೊದಲು ನಿಲ್ಲಿ. ಅಲ್ಲಿಯ ಗಾಡಿಯಲ್ಲಿ ಚಾಲಕ ಎಡಕ್ಕೆ ಕೂರುತ್ತಾನೆ, ಬಾಕ್ಸು ಎಡಕ್ಕೆ, ಐಡ್ಲರು ಬಲಕ್ಕೆ. ನಮ್ಮದರಲ್ಲಿ ತಿರುವುಮುರುವು. ಚಿತ್ರದಲ್ಲಿ ಒಂದೇ ಥರ ಕಂಡ ವಸ್ತು ಕೈಗೆ ಬಂದಾಗ ಕನ್ನಡಿಯ ಬಿಂಬವಾಗಿರಬಹುದು. ಮುಂಬಯಿಯ ಐಡ್ಲರಿನಲ್ಲೂ ಎರಡು ಅಳತೆ ನೋಡಿ: ತಿರುಗುವ ಪಿನ್ನಿನ ನಡುವಿನಿಂದ ಬಾಲಿನ ತೂತಿನ ನಡುವಿನವರೆಗಿನ ಉದ್ದ ಡ್ರಾಪ್ ಆರ್ಮಿನ ಉದ್ದಕ್ಕೆ ಸರಿಹೋಗಬೇಕು, ಮತ್ತು ಆರ್ಮು ನಿಲ್ಲುವ ಎತ್ತರ ಹಳೆಯದರಷ್ಟೇ ಇರಬೇಕು. ಉದ್ದ ತಪ್ಪಿದರೆ ಎಡ ತಿರುವಿಗೂ ಬಲ ತಿರುವಿಗೂ ಗಾಡಿಯ ನಡತೆ ಬೇರೆಯಾಗುತ್ತದೆ. ಎತ್ತರ ತಪ್ಪಿದರೆ ನಡುವಿನ ರಾಡೇ ಓರೆಯಾಗಿ ನಿಂತು ಮೇಲೆ ಹೇಳಿದ ಕಾಯಿಲೆ ಹುಟ್ಟುತ್ತದೆ.

ಹಳೆಯ ಎಂಡು ಬಿಚ್ಚುವಾಗ ಕವೆಗೋಲಿನಂಥ ಉಳಿಯನ್ನು ಬಡಿದು ಬೂಟು ಹರಿಯಬೇಡಿ. ಆರ್ಮಿನ ಕಣ್ಣಿನ ಒಂದು ಪಕ್ಕಕ್ಕೆ ಭಾರವಾದ ಸುತ್ತಿಗೆ ಆನಿಸಿ ಹಿಡಿದು, ಎದುರು ಪಕ್ಕಕ್ಕೆ ಇನ್ನೊಂದು ಸುತ್ತಿಗೆಯಿಂದ ಚುರುಕಾಗಿ ಎರಡು ಏಟು ಕೊಟ್ಟರೆ ಟೇಪರು ತಾನಾಗಿ ಜಿಗಿದು ಬಿಡುತ್ತದೆ.

ದುರ್ಗದ_ಪದ್ಮಿನಿ ಉತ್ತರ:

ಎಲ್ಲರಿಗೂ ಕೃತಜ್ಞತೆಗಳು. ಎರಡು ಭಾನುವಾರ ಈ ಕೆಲಸಕ್ಕೆ ಹೋಯಿತು. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ, ಏಕೆಂದರೆ ನಾನು ಊಹಿಸಿದ್ದಕ್ಕೆ ಅದು ಪೂರ್ತಿ ಬೇರೆಯಾಗಿತ್ತು.

ದಾವಣಗೆರೆಯ ಹಳೆಯ ದಾಸ್ತಾನಿನ ಜೋಡಿ ಟೇಪರಿನಲ್ಲಿ ಹೊಂದಿತು. ಹದಿನೈದು ಮಿಲಿಮೀಟರಿಗೆ 1.5ರ ವ್ಯತ್ಯಾಸ, ಮಾರ್ಕರಿನ ಗೆರೆಗಳು ಮೇಲಿಂದ ಕೆಳಗಿನವರೆಗೆ ಅಳಿಸಿದ್ದವು. ಆದರೆ ಬೂಟನ್ನು ಹೆಬ್ಬೆರಳಿನಿಂದ ಒತ್ತಿದೊಡನೆ ಅದು ಹಪ್ಪಳದ ಹಾಗೆ ಸೀಳಿತು, ಒಳಗಿನ ಗ್ರೀಸು ಒಣಗಿ ಮೇಣವಾಗಿತ್ತು. ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸು ತುಂಬಿ ಹೊಸ ಬೂಟು ಹಾಕಿದೆ. ಮುಂಬಯಿಯ ಜೋಡಿಯಲ್ಲಿ ನಿಜವಾದ ಅಚ್ಚರಿ ಕಾದಿತ್ತು. ಒಂದೇ ಪೊಟ್ಟಣದಲ್ಲಿ, ಒಂದೇ ಗುರುತಿನ ಎರಡು ಎಂಡು. ಎಡ ಥ್ರೆಡ್ಡಿನದು ಚೆನ್ನಾಗಿ ಕೂತಿತು. ಬಲ ಥ್ರೆಡ್ಡಿನದರಲ್ಲಿ ಬಣ್ಣ ಮೇಲ್ತುದಿಯಲ್ಲಿ ಉಗುರಿನ ಅಂಚಿನಷ್ಟು ಅಗಲದ ಒಂದು ಬಳೆಯಾಗಿ ಮಾತ್ರ ಅಳಿಸಿತ್ತು, ಅಳೆದರೆ 1.9. ಮೇಸ್ತ್ರಿಯವರ ಕೈಗೇ ಅದನ್ನು ಕೊಟ್ಟು, ನಟ್ಟಿಲ್ಲದೆ ತೂತಿನಲ್ಲಿ ಇಟ್ಟು ಅಲುಗಾಡಿಸಲು ಹೇಳಿದೆ. ಕಾಲು ತುದಿಯಲ್ಲಿ ‘ಟಕ ಟಕ’ ಎಂದು ಬಡಿಯಿತು. ಅವರು ಏನೂ ಹೇಳದೆ ಎಂಡನ್ನು ಮತ್ತೆ ಪೊಟ್ಟಣದಲ್ಲಿ ಸುತ್ತಿಟ್ಟರು. ಅಳತೆಯ ಚಿತ್ರ ಕಳಿಸಿದ ಮೇಲೆ ಮಾರಾಟಗಾರರು ತಕರಾರಿಲ್ಲದೆ ಬೇರೆ ಎಂಡು ಕಳಿಸಿದರು, ಅದು ಹೊಂದಿತು. ಅಂದರೆ ನಾನು ‘ಎರಡು ಕಂಪನಿ’ ಎಂದು ಚಿಂತಿಸುತ್ತಿದ್ದೆ, ತೊಡಕು ಇದ್ದದ್ದು ಒಂದೇ ಕಂಪನಿಯ ಎರಡರ ನಡುವೆ.

ಎತ್ತರದಲ್ಲಿ ದಾವಣಗೆರೆಯ ಜೋಡಿಗೂ ಮುಂಬಯಿಯ ಜೋಡಿಗೂ ಅರ್ಧ ಮಿಲಿಮೀಟರಿಗಿಂತ ಕಡಿಮೆ ಅಂತರ ಬಂತು, ಅದನ್ನು ಒಪ್ಪಿಕೊಂಡೆ. ಒಳಗೊಂದು ಹೊರಗೊಂದು ಎಂದು ಬೆರೆಸಲು ಥ್ರೆಡ್ಡುಗಳು ಬಿಡಲಿಲ್ಲವಾದ್ದರಿಂದ ಬಲಕ್ಕೆ ದಾವಣಗೆರೆಯದು, ಎಡಕ್ಕೆ ಮುಂಬಯಿಯದು ನಿಂತಿದೆ. ಐಡ್ಲರಿನ ಉದ್ದ ಸರಿಯಿತ್ತು, ಎತ್ತರ ಮೂರು ಮಿಲಿಮೀಟರ್ ಹೆಚ್ಚು. ಆದ್ದರಿಂದ ಅದನ್ನು ಬದಿಗಿಟ್ಟು, ಹಳೆಯ ಐಡ್ಲರಿಗೇ ಗನ್‌ಮೆಟಲ್ ಬುಷ್ ಕಡೆಸಿ ಹಾಕಿಸಿದೆ. ಇಟಲಿಯವರಿಗೆ ಬೇಡವೆಂದು ಬರೆದೆ. ಕೊನೆಗೆ ಎರಡು ಪಕ್ಕ ದಾರ ಕಟ್ಟಿ ಟೋ (ಮುಂದಿನ ಚಕ್ರಗಳು ಎಷ್ಟು ಒಳಕ್ಕೆ ಅಥವಾ ಹೊರಕ್ಕೆ ಮುಖಮಾಡಿವೆ ಎಂಬುದು) ನೋಡಿದಾಗ ಸ್ಲೀವನ್ನು ಅರ್ಧ ಸುತ್ತು ತಿರುಗಿಸಿದರೂ ರಿಮ್ಮಿನಲ್ಲಿ ಬಹಳ ವ್ಯತ್ಯಾಸ ಬಂತು. ಇದು ಸಹಜವೇ? ಮತ್ತೊಂದು ವಿಷಯ: ಈಗ ಆರು ಜಾಯಿಂಟುಗಳಲ್ಲೂ ಪ್ಲೇ ಇಲ್ಲ, ಆನಗೋಡಿನವರೆಗೆ ಹೋಗಿ ಬಂದೆ, ಲಾರಿ ಹಾದುಹೋದಾಗ ಗಾಡಿ ನೆಟ್ಟಗಿತ್ತು. ಆದರೂ ಸ್ಟೇರಿಂಗ್ ಚಕ್ರದ ಅಂಚಿನಲ್ಲಿ ಒಂದು ಬೆರಳಿನಷ್ಟು ಖಾಲಿ ಆಟ ಉಳಿದಿದೆ.

ಹರಿಹರದ_ಫಿಟ್ಟರ್ ಉತ್ತರ:

ಸಹಜ. 1.5 ಪಿಚ್ಚಿನ ಎಡ ಬಲ ಥ್ರೆಡ್ಡಿನ ಸ್ಲೀವು ಅರ್ಧ ಸುತ್ತಿಗೆ ರಾಡನ್ನು ಒಟ್ಟು 1.5 ಮಿಲಿಮೀಟರ್ ಉದ್ದ ಮಾಡುತ್ತದೆ. ಸ್ಟೇರಿಂಗ್ ಆರ್ಮು 150 ಮಿಲಿಮೀಟರ್ ಎಂದಿಟ್ಟುಕೊಂಡರೆ 14 ಇಂಚಿನ ರಿಮ್ಮಿನಲ್ಲಿ ಅದು ಸುಮಾರು ಮೂರೂವರೆ ಮಿಲಿಮೀಟರ್ ಆಗುತ್ತದೆ. ಗಡಿಯಾರದ ಮುಳ್ಳಿನ ಹಾಗೆ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಎರಡು ಬದಿಗೂ ಸಮವಾಗಿ. ಒಂದೇ ಬದಿಯಲ್ಲಿ ಎಲ್ಲವನ್ನೂ ಸರಿಮಾಡಿದರೆ ಸ್ಟೇರಿಂಗ್ ಚಕ್ರದ ಕಡ್ಡಿ ಓರೆಯಾಗಿ ನಿಲ್ಲುತ್ತದೆ. ಆಮೇಲೆ ಸ್ಲೀವಿನ ಕ್ಲ್ಯಾಂಪುಗಳನ್ನು ಬಿಗಿಯುವುದನ್ನು ಮರೆಯಬೇಡಿ.

ಲೇತ್_ಮನೆ ಉತ್ತರ:

ಉಳಿದ ಆಟ ಬಾಕ್ಸಿನೊಳಗಿನದು. ಅಲ್ಲಿಯ ವರ್ಮು (ತಿರುಪಿನಾಕಾರದ ಗೇರು) ಸವೆಯುವುದು ನಡುವಿನಲ್ಲಿ, ಏಕೆಂದರೆ ಗಾಡಿ ಆಯುಷ್ಯದ ಬಹುಪಾಲು ನೆಟ್ಟಗೇ ಓಡಿರುತ್ತದೆ. ಬಾಕ್ಸಿನ ಸ್ಕ್ರೂ ಬಿಗಿದು ನಡುವಿನ ಆಟವನ್ನು ಪೂರ್ತಿ ಇಲ್ಲವಾಗಿಸಿದರೆ ಸವೆಯದ ತುದಿಗಳಲ್ಲಿ ಸ್ಟೇರಿಂಗ್ ಗಟ್ಟಿ ಹಿಡಿಯುತ್ತದೆ, ತಿರುವು ಮುಗಿದ ಮೇಲೆ ತಾನಾಗಿ ಮರಳುವುದಿಲ್ಲ. ಮುಂದಿನ ಚಕ್ರಗಳನ್ನು ಜಾಕಿನ ಮೇಲೆ ಎತ್ತಿ, ಲಾಕ್ ನಟ್ ಸಡಿಲಿಸಿ, ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ಒಳಗೆ ತಿರುಗಿಸಿ, ಪ್ರತಿ ಸಲವೂ ಸ್ಟೇರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ತಿರುಗಿಸಿ ನೋಡಿ. ಎಲ್ಲಾದರೂ ಕೈಗೆ ಭಾರ ತಿಳಿದ ಕೂಡಲೇ ಹಿಂದಕ್ಕೆ ಬನ್ನಿ. ಅಲ್ಲಿಗೆ ಅರ್ಧ ಬೆರಳು ಉಳಿದರೆ ಉಳಿಯಲಿ. ಅದಕ್ಕೆ ಮೊದಲು ಬಾಕ್ಸಿನಲ್ಲಿ ಎಣ್ಣೆ ಇದೆಯೇ ನೋಡಿ. ಸೀಲಿನಿಂದ ಸೋರುತ್ತದೆಂದು ಗ್ರೀಸು ತುಂಬಿಟ್ಟ ಬಾಕ್ಸುಗಳನ್ನು ಎಷ್ಟೋ ಬಿಚ್ಚಿದ್ದೇನೆ.